ಒಬ್ಬ ಗುಮಾಸ್ತ, ಎಂಟು ತಕ್ಕಡಿ

ಫೆಬ್ರವರಿ ೪, ಮಂಗಳವಾರ

ನಾನು ತಡವಂತೆ! ಈ ಅರವತ್ತಾರು ವರ್ಷದಲ್ಲಿ ಒಂದು ಬಸ್ಸು ತಪ್ಪಿಸಿಕೊಂಡವಳಲ್ಲ. ಶಾಲೆಯಲ್ಲಿ ಪಾಠ ಹೇಳಿದ ಅಷ್ಟೂ ಕಾಲ ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ನಿಂತಿರುತ್ತಿದ್ದವಳು. ಅಂಥ ನಾನು, ಎಂಟು ಹೆಂಗಸರ ದೋಣಿಯಲ್ಲಿ, ಹುಟ್ಟನ್ನು ನೀರಿಗೆ ಇಳಿಸುವುದರಲ್ಲಿ ಎಲ್ಲರಿಗಿಂತ ತಡ. ಹಾಗೆಂದು ಹೇಳಿದ್ದು ಯಾರು? ಒಂದು ಪೆಟ್ಟಿಗೆ. ಪೆಟ್ಟಿಗೆ ಮಾಡಿದ್ದು ಯಾರು? ನನ್ನ ಗಂಡ, ಶ್ರೀಮಾನ್ ಮರ್ವಿನ್ ಟ್ರೆಲೋರ್ ಮಹಾಶಯರು.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರನ್ನು ನೋಡಿಯೇ. ನಮ್ಮ ಬಟ್ಟೆ ಒಗೆಯುವ ಕೋಣೆಯ ಬಾಗಿಲು ಕಳೆದ ಚಳಿಗಾಲದಲ್ಲಿ ಕಳಚಿದ್ದು, ಇನ್ನೂ ಮಹಾಶಯರ ಶೆಡ್ಡಿನಲ್ಲಿ ಗೋಡೆಗೊರಗಿ ನಿಂತಿದೆ. ಆದರೆ ನಮ್ಮ ದೋಣಿ ಕ್ಲಬ್ಬಿನವರು ಬಾಯಿ ತೆರೆಯುವುದೇ ತಡ, ಅವರಿಗೆ ಪೆಟ್ಟಿಗೆ ತಯಾರು! ಪ್ರತಿ ಹುಟ್ಟಿನ ಗೂಟಕ್ಕೂ ಒಂದೊಂದು ಅಳತೆಯ ಪಟ್ಟಿ ಅಂಟಿಸಿದ್ದಾರೆ. ಯಾರು ಯಾವಾಗ ಎಷ್ಟು ಜೋರಾಗಿ ಎಳೆದರು ಎಂಬುದೆಲ್ಲ ತಂತಿಯಲ್ಲಿ ಹರಿದು, ದೋಣಿಯ ಹಿಂತುದಿಯಲ್ಲಿ ನಮ್ಮತ್ತ ಮುಖಮಾಡಿ ಕೂತು ತಾಳ ಕೂಗುವ ಕಾಕ್ಸ್ ಡಾಟ್‌ಳ ಕಾಲ ಬುಡದಲ್ಲಿರುವ ಪೆಟ್ಟಿಗೆಗೆ ಹೋಗುತ್ತದೆ. ದಡಕ್ಕೆ ಬಂದು ಕಂಪ್ಯೂಟರಿಗೆ ಚುಚ್ಚಿದರೆ ಪರದೆಯ ಮೇಲೆ ಎಂಟು ಬಣ್ಣದ ಎಂಟು ಗೆರೆ. ಹುಟ್ಟು ನೀರು ಕಚ್ಚಿದ ಕ್ಷಣದಲ್ಲಿ ಗೆರೆ ಗುಡ್ಡದ ಹಾಗೆ ಏಳುತ್ತದೆ. ಡಾಟ್‌ಳ ಎದುರಿಗೇ ಕೂರುವ ಎಂಟನೇ ಸೀಟಿನದು ಮೊದಲು ಎದ್ದಿತು, ಆಮೇಲೆ ಏಳನೆಯದು, ಆಮೇಲೆ ಆರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದು, ಎಲ್ಲರಿಗಿಂತ ಕೊನೆಗೆ ನನ್ನದು. ಮೊದಲನೇ ಸೀಟು. ದೋಣಿಯ ಮೂತಿಯ ಹತ್ತಿರದ್ದು, "ಬೋ" ಎಂದು ಕರೆಯುವುದು.

"ಬೇಜಾರ್ ಮಾಡ್ಕೋಬೇಡಿ ಮಿಸೆಸ್ ಟ್ರೆಲೋರ್" ಎಂದ ನಮ್ಮ ಕೋಚ್ ಲಾಕ್ಲನ್. "ತಡ ಅನ್ನೋದು ಅಲೆ ಇದ್ದಂಗೆ. ಎದುರಿಗಿರೋರ ಬೆನ್ನು ನೋಡ್ಕೊಂಡು ಹಿಂದಿನೋರು ಹಾಕ್ತಾರೆ, ಅವರ ಬೆನ್ನು ನೋಡ್ಕೊಂಡು ಅವರ ಹಿಂದಿನೋರು. ನಿಮ್ಮ ಹತ್ರ ಬರೋ ಹೊತ್ತಿಗೆ ಅದು ಜಾಸ್ತಿ ಆಗಿರುತ್ತೆ. ಅದರ ಮೇಲೆ, ಅದೂ, ವಯಸ್ಸು…"

ಮೂರನೇ ತರಗತಿಯಲ್ಲಿ ಇವನಿಗೆ ಗಡಿಯಾರ ನೋಡಲು ಕಲಿಸಿದವಳು ನಾನು. ರಟ್ಟಿನ ತಟ್ಟೆಗೆ ಎರಡು ಕಡ್ಡಿ ಸಿಕ್ಕಿಸಿ, ದೊಡ್ಡ ಮುಳ್ಳು ಯಾವುದು ಸಣ್ಣ ಮುಳ್ಳು ಯಾವುದು ಎಂದು ಒಂದು ಇಡೀ ಟರ್ಮ್ ತಲೆ ಚಚ್ಚಿಕೊಂಡಿದ್ದೇನೆ. ಇವತ್ತು ಅವನು ನನಗೆ ಹೊತ್ತು ಹೇಳುತ್ತಾನೆ!

ಫೆಬ್ರವರಿ ೫, ಬುಧವಾರ

ತಿಂಡಿಯ ಹೊತ್ತಿಗೆ ಮಹಾಶಯರನ್ನು ನೇರವಾಗಿಯೇ ಕೇಳಿದೆ. "ನಿನ್ನ ಪೆಟ್ಟಿಗೆ ತಪ್ಪು ಹೇಳ್ತಿದೆ."

"ಪೆಟ್ಟಿಗೆಗೆ ಹೆಂಡ್ತಿ ಇಲ್ಲ ಕಣೇ ನೋಲ್. ಅದು ಯಾರ ಮುಖಾನೂ ನೋಡಲ್ಲ."

"ನಿನಗಿದಾಳಲ್ಲ, ನೀನು ನೋಡು. ನನ್ನ ಗೆರೆನ ಒಂದು ಚೂರು ಈಚೆಗೆ ತಳ್ಳು. ಯಾರಿಗೆ ಗೊತ್ತಾಗುತ್ತೆ?"

ಅವರು ಟೋಸ್ಟನ್ನು ತಟ್ಟೆಯಲ್ಲಿಟ್ಟು, ನಾನು ಚರ್ಚಿನ ಹುಂಡಿಗೆ ಕೈ ಹಾಕಿದವಳೇನೋ ಎನ್ನುವಂತೆ ನೋಡಿದರು. "ಒಂದು ಅಂಕಿ ತಿದ್ದಿದ್ರೆ ಎಲ್ಲಾ ಅಂಕಿನೂ ಸುಳ್ಳಾಗುತ್ತೆ. ಅದೊಂದು ಮಾತ್ರ ಕೇಳ್ಬೇಡ."

ನಾನೇನು ಭಿಕ್ಷೆ ಕೇಳಿದೆನೇ? ನಿಜಕ್ಕೆ ಹತ್ತಿರ ತಾ ಎಂದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗಳ ನಡುವೆ ಕೂತು ಕೂತು ಈ ಮನುಷ್ಯನ ರಕ್ತವೂ ತಾಮ್ರವಾಗಿದೆ. "ಎಂಟು ಚಿಪ್ಪನ್ನೂ ಒಂದೇ ಮೈಕ್ರೋಕಂಟ್ರೋಲರ್ ಹತ್ರ ಓದಿಸ್ತಿದೀನಿ. ಬೇರೆಯೋರಾದ್ರೆ ಎಂಟಕ್ಕೆ ಎಂಟು ಹಾಕಿರೋರು" ಎಂದು ಹೆಮ್ಮೆ ಬೇರೆ. ಉಳಿತಾಯದ ಹೆಮ್ಮೆ! ಮದುವೆಯ ಉಂಗುರದಲ್ಲೂ ಉಳಿತಾಯ ಮಾಡಿದ ಮಹಾನುಭಾವ.

ಫೆಬ್ರವರಿ ೧೩, ಗುರುವಾರ

ಸರಿ, ಬೇಗ ಹಾಕಬೇಕಲ್ಲವೇ, ಹಾಕಿದೆ. ಒಂದು ವಾರದಿಂದ ಗ್ಯಾರೇಜಿನಲ್ಲಿರುವ ಹುಟ್ಟು ಹಾಕುವ ಯಂತ್ರದ ಮೇಲೆ ಕೂತು ಕೈಗೆ ಅದನ್ನೇ ಕಲಿಸಿದ್ದೇನೆ. ಡಾಟ್ ಬಾಯಿ ತೆರೆಯುವ ಮೊದಲೇ ಹಾಕು, ಉಳಿದವರ ಬೆನ್ನು ಬಾಗುವ ಮೊದಲೇ ಹಾಕು.

ಇವತ್ತು ನೀರಿನ ಮೇಲೆ ಹಾಗೇ ಹಾಕಿದರೆ ದೋಣಿ ಕುಡುಕನಂತೆ ವಾಲಿತು. ಡಾಟ್ ನದಿಯ ಆಚೆ ದಡದ ಕಪ್ಪು ಹಂಸಗಳೆಲ್ಲ ಹಾರುವಂತೆ ಕಿರುಚಿದಳು. "ಬೋ! ಯಾರ ಮದುವೆಗೆ ಓಡ್ತಿದೀಯೇ? ತಾಳಿ ಇನ್ನೂ ಕಟ್ಟಿಲ್ಲ!"

ದಡಕ್ಕೆ ಬಂದು ಪರದೆ ನೋಡಿದರೆ ನನ್ನ ಗೆರೆ ಎಲ್ಲರ ಸಾಲಿಗೆ ಹತ್ತಿರ ಬಂದಿದೆ! ಲಾಕ್ಲನ್ "ನೋಡಿ, ಸುಧಾರಿಸಿದೀರಿ" ಎಂದ. ಡಾಟ್ "ಸುಧಾರಣೆ ನನ್ನ ತಲೆ, ಇನ್ನೊಂದು ಸಲ ಹಂಗೆ ಹಾಕಿದ್ರೆ ಎಲ್ಲರೂ ನೀರಲ್ಲಿ" ಎಂದಳು. ಪರದೆಗೆ ಸರಿಯಾದರೆ ದೋಣಿ ವಾಲುತ್ತದೆ, ದೋಣಿಗೆ ಸರಿಯಾದರೆ ಪರದೆಯಲ್ಲಿ ತಡ. ನಾನು ಯಾರ ಮಾತು ಕೇಳಲಿ? ಇಷ್ಟು ಕಣ್ಣೆದುರಿಗೇ ಇದ್ದರೂ ಆ ಹುಡುಗನಿಗೆ ಅನುಮಾನವೇ ಬರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನು. ಪೆಟ್ಟಿಗೆ ಹೇಳಿತಲ್ಲ, ಮುಗಿಯಿತು.

ಪೆಟ್ಟಿಗೆಯೇ ಸರಿಯಿಲ್ಲ ಎಂದು ಎಲ್ಲರೆದುರು ಹೇಳಿದೆ. ಎರಡನೇ ಸೀಟಿನ ಜೋಯ್ಸ್, ನನ್ನ ಎದುರಿಗೇ ಕೂರುವ ಜೋಯ್ಸ್, ಸೊಂಟದ ಆಪರೇಷನ್ನನ್ನು ಈಸ್ಟರ್ ರೇಸಿನ ಆಚೆಗೆ ತಳ್ಳಿಕೊಂಡು ಕೂತಿರುವ ಜೋಯ್ಸ್, ಮೆತ್ತಗೆ ಹೇಳಿದಳು: "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ." ಎಲ್ಲರೂ ನಕ್ಕರು.

ಫೆಬ್ರವರಿ ೧೫, ಶನಿವಾರ

ನನ್ನನ್ನು ತೆಗೆದರು. ಈಸ್ಟರ್ ರೇಸಿಗೆ ಮೊದಲನೇ ಸೀಟಿನಲ್ಲಿ ಸೇಬು ಪ್ಯಾಕಿಂಗ್ ಶೆಡ್ಡಿನ ಆ ಹೊಸಬಳಂತೆ. ಹೆಸರು ಬ್ರಯನಿಯೋ ಏನೋ.

ಇಪ್ಪತ್ತು ವರ್ಷ ಆ ಸೀಟಿನಲ್ಲಿ ಕೂತಿದ್ದೆ.

ಫೆಬ್ರವರಿ ೨೩, ಭಾನುವಾರ

ಮಹಾಶಯರ ಜೊತೆ ಮಾತಿಲ್ಲ. ಅಡುಗೆ ನನಗೊಬ್ಬಳಿಗೇ. ಅವರು ಡಬ್ಬಿಯ ಬೀನ್ಸ್ ಬಿಸಿ ಮಾಡಿಕೊಂಡು ಟೋಸ್ಟಿನ ಮೇಲೆ ಸುರಿದುಕೊಂಡು ತಿನ್ನುತ್ತಿದ್ದಾರೆ, ದಿನಾ. ತಿನ್ನಲಿ. ಪೆಟ್ಟಿಗೆಯ ಸತ್ಯ ಹೊಟ್ಟೆ ತುಂಬಿಸುತ್ತದೆಯೋ ನೋಡೋಣ.

ನಿನ್ನೆ ಬೆಳಿಗ್ಗೆ ಅಭ್ಯಾಸ ನೋಡಲು ನಾನು ಹೋಗಲಿಲ್ಲ. ಬ್ರೆಡ್ಡು ತರಲು ಹೋದೆ. ಬೇಕರಿಯ ಕಟ್ಟೆಯಿಂದ ನದಿ ಕಾಣುತ್ತದೆ, ಅದಕ್ಕೆ ನಾನೇನು ಮಾಡಲಿ? ಬಿಸಿಯಾಗಿತ್ತೆಂದು ಒಂದು ಸ್ಕ್ಯಾಲಪ್ ಚಿಪ್ಪುಮೀನಿನ ಪೈ ತೆಗೆದುಕೊಂಡು, ಅದು ಆರುವವರೆಗೆ ಅಲ್ಲೇ ನಿಂತೆ.

ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತೇವೆ. ಅದರಲ್ಲೂ ಮೊದಲನೇ ಸೀಟಿನವಳಿಗೆ ಕಾಣುವುದು ಏಳು ಬೆನ್ನು ಮಾತ್ರ. ಇಪ್ಪತ್ತು ವರ್ಷ ಆ ಬೆನ್ನುಗಳನ್ನು ಓದಿದ್ದೇನೆ. ಜೋಯ್ಸ್‌ಳ ಸೊಂಟ ನೋಯುತ್ತಿದ್ದರೆ ಅವಳು ಹೇಳುವ ಮೊದಲೇ ಎಡ ಭುಜ ನನಗೆ ಹೇಳುತ್ತಿತ್ತು. ಯಾರ ಮನೆಯಲ್ಲಿ ಜಗಳ, ಯಾರಿಗೆ ಮೊಮ್ಮಗು, ಎಲ್ಲ ಬೆನ್ನಿನಲ್ಲಿರುತ್ತದೆ. ನನ್ನ ಬೆನ್ನನ್ನು ಯಾರೂ ನೋಡಿದ್ದಿಲ್ಲ, ಅದರ ಹಿಂದೆ ಬರೀ ನೀರು. ನಿನ್ನೆ ದಡದಿಂದ ಅವರ ಮುಖ ನೋಡಿದೆ. ಹೊಸಬಳು ಹಲ್ಲು ಕಚ್ಚಿದ್ದಳು, ಹುಬ್ಬು ಗಂಟಿಕ್ಕಿತ್ತು. ಹುಟ್ಟು ಮಾತ್ರ ಎಲ್ಲರ ಜೊತೆಗೇ ಬಿತ್ತು. ನನ್ನ ಕಣ್ಣಿಗೇನು ಧಾಡಿ? ಜೊತೆಗೇ ಬಿತ್ತು.

ಪೈ ಆರಿ ತಣ್ಣಗಾಗಿತ್ತು.

ಮಾರ್ಚ್ ೪, ಮಂಗಳವಾರ

ಅವಳೂ ತಡ! ಡಾಟ್ ಬಂದು ಹೇಳಿದಳು. ಮೊದಲ ದಿನದಿಂದಲೂ ಹಾಗೇ ಅಂತೆ, ಲಾಕ್ಲನ್ ತಲೆ ಕೆರೆದುಕೊಳ್ಳುತ್ತಿದ್ದಾನಂತೆ.

ಮನಸ್ಸಿಗೆ ಎಷ್ಟು ತಂಪಾಯಿತೆಂದರೆ, ಮಹಾಶಯರಿಗೂ ಎರಡು ಕುರಿ ಚಾಪ್ ಹುರಿದು ಹಾಕಿದೆ. ಅವರು ಅನುಮಾನದಿಂದಲೇ ತಿಂದರು.

ಮಾರ್ಚ್ ೧೨, ಬುಧವಾರ

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ನೋಡಿದರೆ ಆ ಹೊಸಬಳು, ಕೈಯಲ್ಲಿ ಒಂದು ಚೀಲ ಸೇಬು. ಮಚ್ಚೆ ಬಿದ್ದವು, ಅಂಗಡಿಗೆ ಹೋಗದವು, ಆದರೆ ರುಚಿ ಅವಕ್ಕೇ ಹೆಚ್ಚು. ಒಳಗೆ ಕರೆಯುವ ಮನಸ್ಸಿರಲಿಲ್ಲ. ಕೆಟಲ್ ಆಗಲೇ ಕುದಿಯುತ್ತಿತ್ತು, ಅದಕ್ಕೆ ಕರೆದೆ.

ಅವಳು ಕೇಳಿದ ಪ್ರಶ್ನೆ ನೋಡು. "ಮಿಸೆಸ್ ಟ್ರೆಲೋರ್, ನೀವು ತಡ ಆಗ್ತಿದ್ದಾಗ ನಿಮಗೆ ಗೊತ್ತಾಗ್ತಿತ್ತಾ?"

"ಏನಂದೆ?"

"ತಪ್ಪು ತಿಳ್ಕೋಬೇಡಿ. ನನಗೆ ಗೊತ್ತಾಗ್ತಾನೇ ಇಲ್ಲ, ಅದಕ್ಕೆ ಕೇಳ್ದೆ. ಕೈಗೆ ಎಲ್ಲಾ ಸರಿ ಅನ್ಸುತ್ತೆ. ದಡಕ್ಕೆ ಬಂದ್ರೆ ತಡ ಅಂತಾರೆ. ಈಗೀಗ ಶೆಡ್ಡಲ್ಲಿ ಸೇಬು ಎತ್ತೋವಾಗ್ಲೂ ನಾನು ತಡಾನಾ ಅನ್ಸೋಕೆ ಶುರುವಾಗಿದೆ." ನಗಲು ನೋಡಿದಳು, ಆಗಲಿಲ್ಲ. ಈ ಊರಿಗೆ ಬಂದು ಇನ್ನೂ ವರ್ಷವಾಗಿಲ್ಲ. ಗಂಡನನ್ನು ಬಿಟ್ಟು ಬಂದವಳಂತೆ. ದೋಣಿಯಲ್ಲಿ ಸೀಟು ಸಿಕ್ಕ ಮೇಲೆಯೇ ಊರಲ್ಲಿ ನಾಲ್ಕು ಜನ ಮಾತನಾಡಿಸಿದ್ದಂತೆ.

ಫೋನಿನಲ್ಲಿ ತನ್ನ ಗೆರೆಗಳ ಚಿತ್ರ ತೋರಿಸಿದಳು. ನನ್ನ ಫೋನಿನಲ್ಲೂ ನನ್ನದಿತ್ತು, ದಿನಾ ನೋಡಿ ಶಪಿಸಲೆಂದು ಇಟ್ಟುಕೊಂಡದ್ದು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಅದೇ ಎಂಟು ಮೆಟ್ಟಿಲು, ಅದೇ ಕೊನೆಯ ಮೆಟ್ಟಿಲು. ಕೂದಲೆಳೆಯ ವ್ಯತ್ಯಾಸವಿಲ್ಲ.

"ಶನಿವಾರದೊಳಗೆ ಸರಿ ಹೋಗ್ಲಿಲ್ಲಾಂದ್ರೆ ನಿಮ್ಮನ್ನೇ ವಾಪಸ್ ಕರೀತಾರಂತೆ" ಎಂದು ಎದ್ದಳು. "ಒಳ್ಳೇದೇ ಆಯ್ತು ಬಿಡಿ. ಸೀಟು ನಿಮ್ಮದೇ ಅಲ್ವಾ."

ಹೌದು, ನನ್ನದೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಶನಿವಾರ ನನ್ನ ಸೀಟು ನನಗೆ. ಮುಚ್ಚಿಕೊಂಡಿರುತ್ತೇನೆ. ನನ್ನನ್ನು ತೆಗೆದಾಗ ನನ್ನ ಪರವಾಗಿ ಯಾರು ಬಾಯಿ ತೆರೆದಿದ್ದರು?

ಮಾರ್ಚ್ ೧೩, ಗುರುವಾರ

ಬೆಳಗಿನಿಂದ ಮೈಯೆಲ್ಲ ಉರಿ. ನನ್ನನ್ನು ತಡ ಎಂದಿತು, ಸರಿ, ಮುದುಕಿ. ದಿನವಿಡೀ ಸೇಬಿನ ಪೆಟ್ಟಿಗೆ ಎತ್ತುವ, ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹೆಣ್ಣೂ ಅಷ್ಟೇ ತಡವೇ? ಇಬ್ಬರು ಅಷ್ಟಷ್ಟೇ ತಡವಾಗಲು ನಾವೇನು ಅವಳಿ ಜವಳಿಯೇ? ಒಬ್ಬಳನ್ನು ಅವಮಾನಿಸಿ ಸಾಲದೆ ಇನ್ನೊಬ್ಬಳನ್ನು ಹಿಡಿದುಕೊಂಡಿದೆ ಆ ಪೆಟ್ಟಿಗೆ. ಮೊದಲೇ ಗಾಯವಾಗಿರುವವಳನ್ನು!

ಶೆಡ್ಡಿಗೆ ನುಗ್ಗಿದೆ. ಮಹಾಶಯರು ಎಂಟೂ ಗೂಟಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಅವುಗಳ ಮೇಲೆ ನಮ್ಮ ಒಗೆಯುವ ಕೋಣೆಯ ಬಾಗಿಲನ್ನು ಅಂಗಾತ ಮಲಗಿಸಿ, ಅದರ ನಡುವೆ ಬಣ್ಣದ ಡಬ್ಬಿಯೊಂದನ್ನು ಇಟ್ಟಿದ್ದರು. ಪೆಟ್ಟಿಗೆ, ಕಂಪ್ಯೂಟರು ಪಕ್ಕದಲ್ಲಿ. ರಿಪೇರಿಗೆಂದು ಕಳಚಿದ ಬಾಗಿಲು ಈ ಸೇವೆಗೆ!

"ನೋಡು ನೋಲ್, ಎಂಟೂ ಸರಿಯಾಗೇ ತೂಗ್ತಿದೆ. ಎಷ್ಟು ಸಲ ಇಟ್ಟು ನೋಡಿದ್ರೂ ಒಂದು ಗುಲಗಂಜಿ ಹೆಚ್ಚುಕಮ್ಮಿ ಇಲ್ಲ. ಪೆಟ್ಟಿಗೇಲಿ ತಪ್ಪಿಲ್ಲ."

"ತಪ್ಪಿಲ್ವಾ?" ಎಂದೆ. "ತಪ್ಪಿಲ್ವಾ?" ಎಂದು ಇನ್ನೊಂದು ಸಲ ಕೂಗಿ, ಡಬ್ಬಿಯನ್ನು ಒದ್ದು, ಬಾಗಿಲಿನ ಮೇಲೆ ಎರಡೂ ಕಾಲಿಂದ ಧೊಪ್ಪನೆ ಹಾರಿ ಕುಕ್ಕರಿಸಿದೆ. ಮಂಡಿ ಇನ್ನೂ ನೋಯುತ್ತಿದೆ.

ಅವರು ನನ್ನನ್ನು ಹಿಡಿಯಲು ಬಂದವರು ಅರ್ಧ ದಾರಿಯಲ್ಲೇ ನಿಂತರು. ಪರದೆ ನೋಡುತ್ತಿದ್ದರು. ನಾನೂ ನೋಡಿದೆ. ಎಂಟು ಗುಡ್ಡ. ಎಂಟನೆಯದು ಮೊದಲು, ಆಮೇಲೆ ಏಳು, ಆಮೇಲೆ ಆರು, ಮೆಟ್ಟಿಲು ಮೆಟ್ಟಿಲಾಗಿ, ಎಲ್ಲಕ್ಕಿಂತ ಕೊನೆಗೆ ಮೊದಲನೇ ಸೀಟಿನ ಗೂಟ.

ಒಂದು ಬಾಗಿಲು. ಒಂದು ಏಟು.

"ಏನಪ್ಪಾ" ಎಂದೆ, "ಬಾಗಿಲಿಗೂ ವಯಸ್ಸಾಯ್ತಾ?"

ಮಾರ್ಚ್ ೧೪, ಶುಕ್ರವಾರ

ಗೆದ್ದೆ ಎಂದು ಬೀಗಬೇಕು. ಆದರೆ ಮನುಷ್ಯ ನಿನ್ನೆಯಿಂದ ಊಟ ಬಿಟ್ಟು ಶೆಡ್ಡಿನ ಸ್ಟೂಲಿನ ಮೇಲೆ ಕೂತಿದ್ದಾನೆ. ಬೀಗುವುದಕ್ಕೆ ಎದುರಿಗೆ ಸರಿಯಾದ ಮುಖ ಬೇಡವೇ? ಬೆಳಿಗ್ಗೆ ಚಹಾ ತೆಗೆದುಕೊಂಡು ಹೋಗಿ ಕೇಳಿದೆ. "ಅದು ಹೆಂಗೆ ಓದುತ್ತೆ, ನನಗೆ ಅರ್ಥ ಆಗೋ ಹಂಗೆ ಹೇಳು."

ಹೇಳಿದ. ನನಗೆ ಅರ್ಥವಾದದ್ದು ಇಷ್ಟು. ಪ್ರತಿ ಗೂಟಕ್ಕೂ ಒಂದು ಅಳೆಯುವ ಚಿಪ್, ತಕ್ಕಡಿ ಎಂದಿಟ್ಟುಕೊಳ್ಳೋಣ. ಎಂಟು ತಕ್ಕಡಿಗೂ ಸೇರಿ ಒಬ್ಬ ಗುಮಾಸ್ತ, ಅದೇ ಆ ಮೈಕ್ರೋಕಂಟ್ರೋಲರ್. ಗುಮಾಸ್ತ ಎಂಟನೇ ಸೀಟಿನ ತಕ್ಕಡಿಯ ಹತ್ತಿರ ಹೋಗಿ "ತೂಗು" ಎನ್ನುತ್ತಾನೆ. ಅದು ತೂಗಿ ಮುಗಿಸುವವರೆಗೆ ಕೈಕಟ್ಟಿ ನಿಂತು, ಬರೆದುಕೊಂಡು, ಏಳನೆಯದರ ಹತ್ತಿರ ಹೋಗುತ್ತಾನೆ. ಮತ್ತೆ "ತೂಗು", ಮತ್ತೆ ಕಾಯುವುದು. ಒಂದೊಂದು ಸಲ ಕಾಯುವುದು ಕಣ್ಣು ಮಿಟುಕಿಸುವಷ್ಟೂ ಇಲ್ಲ. ಆದರೆ ಮೊದಲನೇ ಸೀಟಿಗೆ ಬರುವ ಹೊತ್ತಿಗೆ ಏಳು ಸಲ ಕಾದಿರುತ್ತಾನೆ. ಆಮೇಲೆ ಮಾಡುವ ಘನಂದಾರಿ ಕೆಲಸವೇನು? ಎಂಟನ್ನೂ ಒಂದೇ ಸಾಲಿನಲ್ಲಿ ಬರೆದು, ಎಲ್ಲಕ್ಕೂ ಒಂದೇ ಹೊತ್ತು ಹಾಕುತ್ತಾನೆ!

"ಡಬ್ಬಿ ಅಲ್ಲಾಡದೆ ಕೂತಿರುತ್ತಲ್ಲ ನೋಲ್. ಯಾವಾಗ ತೂಗಿದ್ರೂ ಅಷ್ಟೇ ಬರುತ್ತೆ. ಅದಕ್ಕೇ ನನಗೆ ಕಾಣ್ಲಿಲ್ಲ. ನಾನು ಒಂದು ಸಲಾನೂ ಏಟು ಕೊಟ್ಟು ನೋಡ್ಲಿಲ್ಲ."

ಸಿಟ್ಟು ಮತ್ತೆ ನೆತ್ತಿಗೇರಿತು. "ಶಾಲೆಯ ಈಜಿನ ಸ್ಪರ್ಧೇಲಿ ನಾವು ಹೆಂಗೆ ಹೊತ್ತು ಹಿಡೀತಿದ್ವಿ ಗೊತ್ತಾ? ಎಂಟು ಸಾಲು, ಎಂಟು ಜನ ಅಮ್ಮಂದಿರು, ಎಂಟು ವಾಚು. ನಾನೇನು ಒಬ್ಬೊಬ್ಬರ ಹತ್ರಾನೂ ಹೋಗಿ ವಾಚ್ ಒತ್ತಿ ಅಂತ ಕಿವೀಲಿ ಹೇಳ್ತಿದ್ನಾ? ಒಂದೇ ಪಿಸ್ತೂಲು! ಢಂ ಅಂದ್ರೆ ಎಂಟೂ ವಾಚು ಒಟ್ಟಿಗೆ. ಆಮೇಲೆ ನಿಧಾನಕ್ಕೆ ಸಾಲಲ್ಲಿ ನಡ್ಕೊಂಡು ಹೋಗಿ ಬರ್ಕೊಂಡು ಬರೋದು. ಬರ್ಕೊಳ್ಳೋದು ತಡ ಆದ್ರೆ ಯಾರಪ್ಪನ ಗಂಟು ಹೋಗುತ್ತೆ?"

ಮರ್ವ್ ಚಹಾದ ಲೋಟ ಕೆಳಗಿಟ್ಟ. ತಕ್ಕಡಿಗೆ ಅಂಥದ್ದೇ ಒಂದು ಕಾಲಿದೆಯಂತೆ, "ಈಗ ತೂಗು" ಎಂದು ಕೇಳಿಸಿಕೊಳ್ಳುವ ಕಾಲು. ಎಂಟರ ಆ ಕಾಲನ್ನೂ ಒಂದೇ ತಂತಿಗೆ ಕಟ್ಟಬಹುದಿತ್ತಂತೆ.

"ಮತ್ತೆ ಯಾಕೆ ಕಟ್ಲಿಲ್ಲ?"

"ಒಂದು ತಂತಿ ಉಳೀತು ಅಂತ."

ಅನ್ನಬೇಕಾದದ್ದೆಲ್ಲ ಅವನ ಮುಖದಲ್ಲೇ ಇತ್ತು. ಮೊಟ್ಟೆ ಹುರಿದುಕೊಟ್ಟೆ.

ಆಮೇಲೆ ಲಾಕ್ಲನ್‌ಗೆ ಫೋನ್ ಮಾಡಿದೆ. "ನಾಳೆ ಯಾರನ್ನೂ ತೆಗೀಬೇಡ. ಪೆಟ್ಟಿಗೆ ಸುಳ್ಳು ಹೇಳ್ತಿದೆ, ತೋರಿಸ್ತೀವಿ." ಅವನು "ಮಿಸೆಸ್ ಟ್ರೆಲೋರ್, ಅವಳು ಹೋದ್ರೆ ಸೀಟು ನಿಮಗೇ ಅಲ್ವಾ" ಎಂದ. "ಅಂಗಡೀಲಿ ಕಳ್ಳಮಾಲು ಅಗ್ಗ ಇರುತ್ತೆ ಅಂತ ನಾನು ತಗೊಳ್ಳಲ್ಲ" ಎಂದು ಇಟ್ಟೆ. ಎಂಥ ಮಾತು ಆಡುತ್ತಾನೆ ಹುಡುಗ!

ಮಾರ್ಚ್ ೧೮, ಮಂಗಳವಾರ

ಮೂರು ದಿನದಿಂದ ಶೆಡ್ಡಿನಲ್ಲೇ. ಮರ್ವ್‌ನ ಕೈ ಈಗೀಗ ನಡುಗುತ್ತದೆ, ನನಗೆ ಗೊತ್ತಿರಲಿಲ್ಲ. ಅಷ್ಟು ಸಣ್ಣ ಕಾಲುಗಳಿಗೆ ಬೆಸುಗೆ ಹಾಕುವಾಗ ಎರಡು ಸಲ ಜಾರಿತು. "ಕೊಡಿಲ್ಲಿ" ಎಂದು ಕಿತ್ತುಕೊಂಡು ನಾನೇ ಹಾಕಿದೆ. ಕೇಕಿನ ಮೇಲೆ ಹೆಸರು ಬರೆದ ಕೈ, ಇದೇನು ಮಹಾ. ಅವನು ಭೂತಗನ್ನಡಿ ಹಿಡಿದು "ಎಡಕ್ಕೆ, ಇನ್ನೂ ಚೂರು ಎಡಕ್ಕೆ" ಎನ್ನುತ್ತಿದ್ದ. ಎಂಟು ತಕ್ಕಡಿಗೆ ಒಂದೇ ತಂತಿ. ಕೆಂಪು ಬಣ್ಣದ್ದು ನಾನು ಆರಿಸಿದೆ.

ಆಮೇಲೆ ಗುಮಾಸ್ತನಿಗೆ ಹೊಸ ಪಾಠ, ಅಂದರೆ ಪ್ರೋಗ್ರಾಂ, ಬರೆದ. ಬರೆದು ಓಡಿಸಿ, ಪರದೆ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದ. "ನೋಲ್, ಇದು ಸರಿ ಆಗಿರೋದಷ್ಟೇ ಅಲ್ಲ ಕಣೇ. ಮೊದಲು ಒಂದು ಸಾಲು ಬರೀತಿದ್ದ ಹೊತ್ತಲ್ಲಿ ಈಗ ಎಂಟು ಸಾಲು ಹತ್ರ ಹತ್ರ ಬರೀತಿದೆ!"

"ಇರಲ್ವಾ ಮತ್ತೆ? ಎಂಟು ಆಲೂಗಡ್ಡೆನ ಯಾರಾದ್ರೂ ಒಂದಾದ್ಮೇಲೊಂದು ಬೇಯಿಸ್ತಾರಾ? ಎಲ್ಲಾ ಒಟ್ಟಿಗೆ ಪಾತ್ರೆಗೆ ಹಾಕಿದ್ರೆ ಕಾಯೋದು ಒಂದೇ ಸಲ. ನಿನ್ನ ಗುಮಾಸ್ತ ಬೀನ್ಸ್ ಡಬ್ಬಿ ಬಿಟ್ಟು ಬೇರೆ ಅಡುಗೆ ಕಂಡಿಲ್ಲ, ನಿನ್ನ ಹಂಗೇ."

ಅವನು ನಕ್ಕ. ಬಹಳ ದಿನವಾಗಿತ್ತು ಅವನು ನಕ್ಕು. ಬಾಗಿಲಿನ ಮೇಲೆ ಹಾರು ಎಂದ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಹಾರಿದೆ. ಎಂಟು ಗೆರೆ ಒಟ್ಟಿಗೆ ಎದ್ದವು, ಒಂದೇ ಗೆರೆಯೇನೋ ಎನ್ನುವಂತೆ. ಅವನು ಇನ್ನೊಂದು ಸಲ ಎಂದ. ಇನ್ನೊಂದು ಸಲ ಹಾರಿದೆ.

ಮಾರ್ಚ್ ೨೨, ಶನಿವಾರ

ಬಾಗಿಲನ್ನು ನಮ್ಮ ಯೂಟ್ ಗಾಡಿಯ ಹಿಂದೆ ಹಾಕಿಕೊಂಡು ಕ್ಲಬ್ಬಿನ ಕಟ್ಟೆಗೆ ಹೋದೆವು. ಎಲ್ಲರೆದುರು ಹಳೆಯ ಪಾಠದಲ್ಲಿ ಒಂದು ಸಲ, ಹೊಸ ಪಾಠದಲ್ಲಿ ಒಂದು ಸಲ. ಹಾರಿದ್ದು ಡಾಟ್. ಎಪ್ಪತ್ತು ದಾಟಿದವಳು ಹಕ್ಕಿಯ ಹಾಗೆ ಹಾರಿದಳು. ಜೋಯ್ಸ್ "ನೆಲಾನೇ ಡೊಂಕಿತ್ತು ಹಂಗಾದ್ರೆ" ಎಂದಳು. ಅಷ್ಟು ಸಾಕು, ಜೋಯ್ಸ್‌ಳಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಮರ್ವ್ ಟೋಪಿ ತೆಗೆದು "ತಪ್ಪು ನಂದು" ಎಂದ. ಯಾರೂ ಏನೂ ಅನ್ನಲಿಲ್ಲ. ನನಗೆ ಮೈ ಉರಿಯಿತು. ಒಬ್ಬರಾದರೂ "ಪರವಾಗಿಲ್ಲ ಮರ್ವ್" ಎನ್ನಬಾರದೇ? ಪುಕ್ಕಟೆ ಪೆಟ್ಟಿಗೆ ಬೇಕಾದಾಗ ಬಾಯಿ ಇತ್ತಲ್ಲ! ಕೊನೆಗೆ ಬ್ರಯನಿಯೇ ಅವನ ಕೈ ಕುಲುಕಿದಳು.

ಲಾಕ್ಲನ್ ಕಿವಿಯವರೆಗೆ ಕೆಂಪಾಗಿ ನನ್ನ ಹತ್ತಿರ ಬಂದ. "ಅಲೆ ಥರ ಹಿಂದೆ ಹೋಗುತ್ತೆ ಅಂತ ನಾನೇ ಕಥೆ ಕಟ್ಟಿದ್ದೆ. ಮೆಟ್ಟಿಲು ಅಷ್ಟು ಚೆನ್ನಾಗಿ ಕಾಣ್ತಿತ್ತಲ್ಲ."

"ದೊಡ್ಡ ಮುಳ್ಳು ಯಾವುದು, ಸಣ್ಣ ಮುಳ್ಳು ಯಾವುದು?" ಎಂದು ಕೇಳಿದೆ. ತಲೆ ತಗ್ಗಿಸಿದ.

ಈಸ್ಟರಿನ ಹಿಂದಿನ ವಾರ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ಕೂರಿಸಿ ನೋಡಿ ತೀರ್ಮಾನಿಸುತ್ತಾನಂತೆ. ನೋಡಲಿ.

ಏಪ್ರಿಲ್ ೧೨, ಶನಿವಾರ

ನದಿ ಕನ್ನಡಿಯ ಹಾಗಿತ್ತು. ಮೊದಲು ಬ್ರಯನಿ, ಆಮೇಲೆ ನಾನು. ಎರಡು ತಿಂಗಳ ಮೇಲೆ ಆ ಸೀಟಿನಲ್ಲಿ ಕೂತು ಏಳು ಬೆನ್ನನ್ನೂ ಒಂದೊಂದಾಗಿ ಎಣಿಸಿದೆ, ಬರೆಯಲು ನಾಚಿಕೆಯೇನು.

ದಡದಲ್ಲಿ ಮರ್ವ್ ಪೆಟ್ಟಿಗೆ ಚುಚ್ಚಿದ. ಬ್ರಯನಿಯ ಗೆರೆ ಎಲ್ಲರ ಗೆರೆಯೊಳಗೆ ಮುಳುಗಿ ಕಾಣಲೇ ಇಲ್ಲ. ನನ್ನದು ಕಂಡಿತು. ಈಚೆ ಕಡೆ, ಎಲ್ಲರಿಗಿಂತ ಮೊದಲು, ಒಂಟಿಯಾಗಿ.

ಬೇಗ. ನಾನು ಬೇಗ! ಆ ದರಿದ್ರ ಪೆಟ್ಟಿಗೆಯ ಮಾತು ಕೇಳಿ ಗ್ಯಾರೇಜಿನಲ್ಲಿ ಕೈಗೆ ಕಲಿಸಿದ್ದು ಕೈಯಲ್ಲೇ ಕೂತುಬಿಟ್ಟಿದೆ. ಸುಳ್ಳು ಹೋದ ಮೇಲೂ ಸುಳ್ಳಿನ ಅಭ್ಯಾಸ ಉಳಿದಿದೆ. ಇದಕ್ಕಿಂತ ಅನ್ಯಾಯ ಉಂಟೇ? ಯಾರ ಮೇಲೆ ಕೂಗಾಡಲಿ ಎಂದು ನೋಡಿದೆ. ಮರ್ವ್ ನನ್ನ ಮುಖ ನೋಡಲಾರದೆ ತಂತಿ ಸುತ್ತುತ್ತಿದ್ದ.

ಲಾಕ್ಲನ್ ನನ್ನನ್ನು ಪಕ್ಕಕ್ಕೆ ಕರೆದ. "ಒಂದು ಕೂದಲೆಳೆ ಅಷ್ಟೇ ಮಿಸೆಸ್ ಟ್ರೆಲೋರ್. ನಿಮಗೆ ನಾವು ಅನ್ಯಾಯ ಮಾಡಿದೀವಿ. ಸೀಟು ನಿಮ್ಮದೇ. ಗೆರೆ ಗಿರೆ ಯಾರು ನೋಡ್ತಾರೆ?"

"ಒಂದು ಅಂಕಿ ಬಿಟ್ಟುಕೊಟ್ರೆ ಎಲ್ಲಾ ಅಂಕಿನೂ ಸುಳ್ಳಾಗುತ್ತೆ" ಎಂದೆ. "ಕನಿಕರದ ಸೀಟಲ್ಲಿ ಕೂರೋಕೆ ನಾನು ಆ ಬಾಗಿಲ ಮೇಲೆ ಹಾರಿದ್ನಾ?" ಎಂದು, ಎಲ್ಲರಿಗೂ ಕೇಳುವಂತೆ ನಾನೇ ಹೇಳಿದೆ: "ಬ್ರಯನಿ ಸರಿಯಾಗಿದಾಳೆ. ನಾನು ಬೇಗ."

ಮನೆಯ ಹತ್ತಿರ ಬಂದಾಗ ಮರ್ವ್ ಗೇರಿನ ಮೇಲಿದ್ದ ಕೈ ತೆಗೆದು ನನ್ನ ಮಂಡಿಯ ಮೇಲಿಟ್ಟ. ನೋಯುವ ಮಂಡಿಯ ಮೇಲೇ ಇಡಬೇಕೇ!

ಏಪ್ರಿಲ್ ೧೯, ಈಸ್ಟರ್ ಶನಿವಾರ

ನಾಲ್ಕು ದೋಣಿಯಲ್ಲಿ ನಮ್ಮದು ಎರಡನೆಯದು. ಮೊದಲು ಬಂದ ಮೇಲಿನ ಊರಿನ ದೋಣಿ ತನ್ನ ಸಾಲು ಬಿಟ್ಟು ನಮ್ಮದರೊಳಗೆ ಬಂದಿತ್ತು, ನಾನು ಕಣ್ಣಾರೆ ಕಂಡೆ, ತೀರ್ಪುಗಾರರಿಗೆ ಕಣ್ಣಿದ್ದರೆ ತಾನೆ? ಅವರ ಗುಡಾರಕ್ಕೇ ಹೋಗಿ ಹೇಳಿ ಬಂದೆ. ಕೇಳಲಿಲ್ಲ.

ನಮ್ಮ ದೋಣಿ ಸೇತುವೆಯ ಕೆಳಗೆ ಹಾಯುವಾಗ ದಡದಲ್ಲಿದ್ದ ನನಗೆ ಕೇಳಿಸಿತು, ಎಂಟು ಹುಟ್ಟಿನದೂ ಒಂದೇ ಸದ್ದು.

ಮೇ ೬, ಮಂಗಳವಾರ

ಜೋಯ್ಸ್‌ಳ ಸೊಂಟದ ಆಪರೇಷನ್ ಆಯಿತು. ಆಸ್ಪತ್ರೆಯ ಸೂಪು ನೀರಾಗಿದೆ ಎಂದು ನರ್ಸಿಗೆ ಬೈಯುತ್ತಿದ್ದಾಳಂತೆ, ಅಂದರೆ ಗುಣವಾಗುತ್ತಿದ್ದಾಳೆ. ಅವಳ ಎರಡನೇ ಸೀಟು ನನಗೆ.

ಒಗೆಯುವ ಕೋಣೆಗೆ ಬಾಗಿಲು ಬಂದಿದೆ. ನಡುವೆ ನನ್ನ ಹಿಮ್ಮಡಿಯ ಎರಡು ಗುಳಿ. ಬಣ್ಣ ಬಳಿದು ಮುಚ್ಚುತ್ತೇನೆ ಎಂದ ಮರ್ವ್. ಮುಟ್ಟಿ ನೋಡು ಎಂದೆ.

ಇವತ್ತು ಬೆಳಿಗ್ಗೆ ನೀರಿನ ಮೇಲೆ ಮಂಜು. ಎರಡನೇ ಸೀಟಿನಿಂದ ಆರು ಬೆನ್ನು ಮಾತ್ರ ಕಾಣುತ್ತದೆ, ಒಂದು ಕಡಿಮೆ. ಕೂತ ಸ್ವಲ್ಪ ಹೊತ್ತಿಗೆ ಬೆನ್ನಿನ ಹಿಂದೆ ಉಸಿರಾಡುವ ಸದ್ದು. ಇಪ್ಪತ್ತು ವರ್ಷ ಅಲ್ಲಿ ಬರೀ ನೀರಿತ್ತು. ನನ್ನ ಬೆನ್ನಿನಲ್ಲಿ ಏನೇನು ಬರೆದಿದೆಯೋ, ಅವಳು ಏನೇನು ಓದುತ್ತಿದ್ದಾಳೋ ಎಂದು ಮೈಯೆಲ್ಲ ಬಿಗಿಯಾಯಿತು.

ಅರ್ಧ ದಾರಿಗೆ ಬಂದಿದ್ದೆವು. ಹಿಂದಿನಿಂದ ಬ್ರಯನಿ ಮೆಲ್ಲಗೆ, ಡಾಟ್‌ಗೆ ಕೇಳದಂತೆ, ಹೇಳಿದಳು. "ನೋಲೀನ್, ನಿಮ್ಮ ಭುಜ ಓಡ್ತಿದೆ. ಚೂರು ತಡೀರಿ."

ನನಗೆ! ಇಪ್ಪತ್ತು ವರ್ಷ ಹುಟ್ಟು ಹಾಕಿದವಳಿಗೆ, ನಿನ್ನೆ ಮೊನ್ನೆ ಬಂದ, ಸೇಬು ಎತ್ತುವ ಹುಡುಗಿ ಹೇಳುತ್ತಾಳೆ, ಅದೂ ಹೆಸರು ಹಿಡಿದು!

ತಡೆದೆ. ಹುಟ್ಟು ಎಲ್ಲರ ಜೊತೆ ನೀರಿಗೆ ಬಿತ್ತು.